ಅಳದೇ ಊದಿದ ಕಣ್ಣು

ಸಾವಿನ ಮನೆಯ ಮಾತನ್ನು ಹೊರಗಿನವಳೊಬ್ಬಳು ಬರೆಯುವುದು ಸರಿಯೇ ಎಂದು ಬಹಳ ದಿನ ಯೋಚಿಸಿದೆ. ಸರಿಯಲ್ಲ ಎಂದೇ ಈಗಲೂ ಅನಿಸುತ್ತದೆ. ನಾನು ಆ ಮನೆಯವಳಲ್ಲ; ಎರಡು ಮನೆಯಾಚೆ ಇರುವವಳು, ಆ ಮೂರು ದಿನ ಬಂದವರಿಗೆ ಸಾರು ಬಡಿಸಿದವಳು, ಅಷ್ಟೇ. ನಾನು ಕಾಣದ್ದನ್ನು ಆ ಮನೆಯ ಸೊಸೆ ಹ್ವಾರಾನ್ ತಾನಾಗಿಯೇ ನನ್ನೆದುರು ಕೂತು ಹೇಳಿದಳು, ಬರೆಯಲು ಒಪ್ಪಿಗೆಯನ್ನೂ ಕೊಟ್ಟಳು. ಆದರೂ ಯಾರಿಗಾದರೂ ಅನ್ಯಾಯವಾಗುವ ಹಾಗೆ ಬರೆದಿದ್ದರೆ ದಯವಿಟ್ಟು ಕ್ಷಮಿಸಬೇಕು. ಹೇಳದೆ ಇರಲು ನನ್ನಿಂದ ಆಗಲಿಲ್ಲ.

ಚುಸಾಕ್ ಸುಗ್ಗಿಹಬ್ಬ ಮುಗಿದ ವಾರ. ನಮ್ಮ ಊರು ಸಾಂಗ್ಜುವಿನಲ್ಲಿ ಎಲ್ಲರ ಮನೆಯಂಗಳದಲ್ಲೂ ತೂಗುಹಾಕಿ ಒಣಗಿಸಲು ಸುಲಿದ ಪರ್ಸಿಮನ್ ಹಣ್ಣಿನ ಸಿಪ್ಪೆಯ ರಾಶಿ. ಅಂಥ ದಿನ ಮಧ್ಯಾಹ್ನ, ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಸಾವಿನ ಹಾಲ್‌ಗೆ ಹ್ವಾರಾನ್ ಮಗಳ ತೋಳು ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. ಒಳಗೆ ಬಿಳಿ ಸೇವಂತಿಗೆಯ ನಡುವೆ ಅವಳ ಅತ್ತೆಯ ಫೋಟೋ. ಚಪ್ಪಲಿ ಬಿಡುವ ಜಾಗದಲ್ಲಿಯೇ ಅವಳ ಗಂಡನ ಅಕ್ಕ ಪಿಲ್‌ನಾಮ್ ಅಡ್ಡ ನಿಂತಿದ್ದಳು. ಬೂಸಾನಿನಿಂದ ಸುದ್ದಿ ಕೇಳಿದ ಕೂಡಲೇ ಹೊರಟು ಬಂದವಳು, ಬಂದಾಗಿನಿಂದ ಅದೇ ಜಾಗದಲ್ಲಿ ಕಾದಿದ್ದಳು.

“ಬಂದ್ಯಾ? ಈಗ ಬಂದ್ಯಾ ಮಹಾರಾಣಿ? ಹನ್ನೊಂದು ವರ್ಷ ಅತ್ತೇನ ನೋಡಿಕೊಂಡೆ ನೋಡಿಕೊಂಡೆ ಅಂತ ಊರೆಲ್ಲ ನಿನ್ನನ್ನ ಹೊಗಳಿದ್ದೇ ಹೊಗಳಿದ್ದು! ಅಮ್ಮ ಉಸಿರು ಬಿಡೋ ಹೊತ್ತಿಗೆ ಎಲ್ಲಿ ಹೋಗಿದ್ದೆ? ತವರುಮನೆಯಲ್ಲಿ ಕಾಲು ಚಾಚಿಕೊಂಡು ಮೀನು ತಿಂತಾ ಇದ್ಯಾ? ಕೈ ಹಿಡ್ಕೊಳ್ಳೋಕೂ ಒಬ್ಬರಿಲ್ಲದ ಹಾಗೆ... ಐಗೋ ಅಮ್ಮಾ... ನಿನ್ನ ಹಣೇಲಿ ಇದನ್ನ ಬರೆದಿತ್ತೇನಮ್ಮಾ!”

ಹ್ವಾರಾನ್ ತಲೆ ಎತ್ತಿದಳು. ಸಾದಾ ಗಾಜಿನ, ದಪ್ಪ ಚೌಕಟ್ಟಿನ ಕನ್ನಡಕದ ಹಿಂದೆ ಅವಳ ಎರಡು ಕಣ್ಣುಗಳೂ ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿದ್ದವು. ರೆಪ್ಪೆಗಳ ನಡುವೆ ಕಣ್ಣು ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಸೀಳು. ಪಿಲ್‌ನಾಮಳ ಎತ್ತಿದ ಕೈ ಕೆಳಗಿಳಿಯಿತು. ಹೊಡೆಯಲು ಹೊರಟಿದ್ದವಳು ಎರಡೂ ಕೈಚಾಚಿ ತಮ್ಮನ ಹೆಂಡತಿಯನ್ನು ಬಾಚಿ ತಬ್ಬಿಕೊಂಡಳು.

“ಅಯ್ಯೋ, ನಿನ್ನ ಕಣ್ಣು ನೋಡೇ... ದಾರಿಯುದ್ದಕ್ಕೂ ಅತ್ತುಕೊಂಡೇ ಬಂದೆಯಾ? ಅಮ್ಮನ ಹೊಟ್ಟೇಲಿ ಹುಟ್ಟಿದ ಮಗಳು ನಾನು, ನನ್ನ ಕಣ್ಣೇ ಹೀಗೆ ಊದಿಲ್ಲ! ನಾನು ಪಾಪಿ, ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಬಾ ತಂಗಿ, ಒಳಗೆ ಬಾ... ಅಮ್ಮನ ಮುಂದೆ ಕೂತ್ಕೋ.”

ತಂಗಿ! ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಆ ಬಾಯಿಂದ ಆ ಮಾತು ಬಂದಿರಲಿಲ್ಲ. ‘ಏಯ್’ ಎಂದೋ, ಮಗಳು ಹುಟ್ಟಿದ ಮೇಲೆ ‘ಬೊರಾಮ್ ಅಮ್ಮ’ ಎಂದೋ ಕರೆದದ್ದೇ ಹೊರತು ಬೇರೆ ಇಲ್ಲ. ಆ ಒಂದು ಮಾತಿಗಾಗಿ ಹ್ವಾರಾನ್ ಎಷ್ಟು ಹಬ್ಬಗಳಲ್ಲಿ ಒಲೆಯ ಮುಂದೆ ಬೆವರಿದ್ದಳು! ಇಂದು ಅದು ತಾನಾಗಿ ಬಂತು. ಬಂದದ್ದು ಒಂದು ಸುಳ್ಳಿನ ಮೇಲೆ. ಅವಳು ಒಂದು ಹನಿಯೂ ಅತ್ತಿರಲಿಲ್ಲ.

ನಡೆದದ್ದು ಇಷ್ಟು. ಹ್ವಾರಾನಳ ಕಣ್ಣಿನ ಮೇಲ್ರೆಪ್ಪೆ ಐವತ್ತರ ಹೊತ್ತಿಗೆ ಜೋತುಬಿದ್ದಿತ್ತು. ಹುಬ್ಬು ಮೇಲೆತ್ತಿಯೇ ಎದುರಿನದನ್ನು ನೋಡಬೇಕು. ಹಾಗಾಗಿ ಹಣೆಯ ತುಂಬ ಗೆರೆ. ರೆಪ್ಪೆಗೂದಲು ಒಳಕ್ಕೆ ಮಡಚಿ ಕಣ್ಣನ್ನು ಚುಚ್ಚುತ್ತಿತ್ತು. ಹಣ್ಣು ಸುಲಿಯುವಾಗ ಚಾಕು ಎಷ್ಟೋ ಸಲ ಬೆರಳಿಗೇ ಹೋಗಿದೆ. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಅತ್ತೆಯ ನಾಲಿಗೆ ಮಾತ್ರ ಎಂದೂ ಹಾಸಿಗೆ ಹಿಡಿದಿರಲಿಲ್ಲ. “ನಿದ್ದೆಗಣ್ಣಿ! ಬೆಳಗಾಗೆದ್ದು ನಿನ್ನ ಮುಖ ನೋಡಿದ್ರೆ ನಂಗೂ ಆಕಳಿಕೆ ಬರುತ್ತೆ. ಗಂಜಿ ಕುಡಿಸ್ತೀಯೋ ಇಲ್ಲ ತೂಕಡಿಸಿ ನನ್ನ ಮೇಲೇ ಬೀಳ್ತೀಯೋ?” ಎನ್ನುತ್ತಿದ್ದಳು. ಹೇಳಿ ತಾನೇ ನಗುತ್ತಿದ್ದಳು. ಹ್ವಾರಾನ್ ನಗುತ್ತಿರಲಿಲ್ಲ.

ದೇಗುವಿನಲ್ಲಿ ಉಗುರು ಬಣ್ಣದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಬೊರಾಮ್, ರೆಪ್ಪೆಯ ಶಸ್ತ್ರಚಿಕಿತ್ಸೆ ಮಾಡಿಸಿಕೋ ಎಂದು ಹಟ ಹಿಡಿದಳು. “ಅಮ್ಮಾ, ಬಸ್ಸಲ್ಲಿ ಕೂತ್ರೆ ನಿನ್ನ ಪಕ್ಕದ ಸೀಟಿನವಳೂ ಮಾಡಿಸಿಕೊಂಡವಳೇ, ಡ್ರೈವರ್ ಹೆಂಡತೀನೂ ಮಾಡಿಸಿಕೊಂಡವಳೇ. ಪರೀಕ್ಷೆ ಮುಗಿದ ಹುಡುಗೀರಿಂದ ಹಿಡಿದು ಅಜ್ಜೀರ ತನಕ ಯಾರು ಬಿಟ್ಟಿದ್ದಾರೆ? ಯಾರಿಗೂ ಹೇಳೋದೇ ಬೇಡ. ಒಂದು ವಾರ ನಮ್ಹೇ ದ್ವೀಪಕ್ಕೆ, ತವರಿಗೆ ಹೋಗ್ತೀನಿ ಅನ್ನು. ಅಷ್ಟೇ.”

“ಅತ್ತೆ?”

“ಅಪ್ಪಂಗೆ ಮಾತ್ರ ಹೇಳಿದ್ದೀನಿ, ಅವರೇ ನೋಡ್ಕೊಳ್ತಾರೆ. ಅವರ ಅಮ್ಮ ತಾನೇ?”

ಕಣ್ಣಿಗೆ ಕೂದಲು ಚುಚ್ಚುವುದಕ್ಕೆಂದೇ ಹ್ವಾರಾನ್ ಒಪ್ಪಿದಳು ಎಂದು ಬರೆದರೆ ಸುಳ್ಳಾಗುತ್ತದೆ. ಅವಳೇ ನನಗೆ ಹೇಳಿದಳು: ಚೆನ್ನಾಗಿ ಕಾಣಬೇಕು ಅನಿಸಿತು. ಒಂದು ಸಲ, ಯಾರದೋ ಸೊಸೆಯಾಗಿ ಅಲ್ಲ, ಸುಮ್ಮನೆ ಒಬ್ಬ ಹೆಂಗಸಾಗಿ. ಹೊರಡುವ ದಿನ ಬೆಳಗ್ಗೆ ಅತ್ತೆ ಗೋಡೆಯ ಕಡೆ ಮುಖ ಮಾಡಿಕೊಂಡೇ, “ಬೇಗ ಬಂದುಬಿಡು,” ಎಂದಳು. ಬೈಗುಳವಿಲ್ಲದ ಮಾತು! ಹ್ವಾರಾನ್ ಚೀಲದ ಜಿಪ್ ಎಳೆಯುತ್ತಾ, ತಿರುಗಿಯೂ ನೋಡದೆ, “ಹೂಂ ಹೂಂ, ಬರ್ತೀನಿ,” ಎಂದು ಹೊರಟುಬಿಟ್ಟಳು.

ಕ್ಲಿನಿಕ್ಕಿನಲ್ಲಿ ವೈದ್ಯರು ಕನ್ನಡಿ ಕೊಟ್ಟು, ಸಣ್ಣ ತಂತಿಯಿಂದ ರೆಪ್ಪೆಯನ್ನು ಒತ್ತಿ ಮಡಿಕೆ ಎಲ್ಲಿ ಬೇಕು ಎಂದು ತೋರಿಸಿದರು. “ಎದ್ದು ಕಾಣಬೇಕೋ, ಕಾಣದ ಹಾಗೆ ಇರಬೇಕೋ?” ಎಂದರು. “ಏನು ಮಾಡಿಸಿಕೊಂಡೆ ಅಂತ ಯಾರೂ ಕೇಳದ ಹಾಗೆ,” ಎಂದಳು ಹ್ವಾರಾನ್. ಪೂರ್ತಿ ಮಂಪರು ಬರಿಸಲಿಲ್ಲ. ಸೂಜಿ ಚುಚ್ಚುವಾಗ ಮಾತ್ರ ಪ್ರಾಣ ಹೋದ ಹಾಗಾಯಿತು. ಆಮೇಲೆ ನೋವಿಲ್ಲ, ಆದರೆ ಕತ್ತರಿಯ ಸದ್ದು ಕೇಳುತ್ತಿತ್ತು, ದಾರ ಎಳೆಯುವುದು ತಿಳಿಯುತ್ತಿತ್ತು, ಏನೋ ಸುಟ್ಟ ವಾಸನೆ ಬರುತ್ತಿತ್ತು. ನಡುವೆ ನಡುವೆ “ಕಣ್ಣು ಬಿಡಿ, ಮುಚ್ಚಿ, ಈಗ ಎದ್ದು ಕೂತು ನನ್ನ ಕಡೆ ನೋಡಿ,” ಎನ್ನುತ್ತಿದ್ದರು. ಎರಡೂ ಒಂದೇ ಸಮ ಆಗಬೇಕಲ್ಲ. ಮುಗಿದ ಮೇಲೆ ದಾದಿ ಮೆತ್ತಗೆ ಹೇಳಿದಳು: “ನಾಳೆ, ನಾಡಿದ್ದು ಊತ ಜಾಸ್ತಿ ಆಗುತ್ತೆ, ನೇರಳೆ ಆಗುತ್ತೆ, ಗಾಬರಿ ಬೀಳಬೇಡಿ ಅಮ್ಮ. ಕನ್ನಡಿ ನೋಡಿ ಯಾಕಾದ್ರೂ ಮಾಡಿಸಿಕೊಂಡೆನೋ ಅನಿಸುತ್ತೆ, ಎಲ್ಲರಿಗೂ ಅನಿಸುತ್ತೆ. ತಣ್ಣಗಿನ ಪಟ್ಟಿ ಇಡಿ. ತಲೆದಿಂಬು ಎತ್ತರ ಇರಲಿ. ತಲೆ ಬಗ್ಗಿಸಬೇಡಿ. ಅಳಬೇಡಿ.”

ಬೊರಾಮಳ ಬಾಡಿಗೆ ಕೋಣೆಯಲ್ಲಿ, ಸಿಹಿಗುಂಬಳದ ರಸ ಕುಡಿಯುತ್ತಾ, ಕಣ್ಣ ಮೇಲೆ ಐಸಿನ ಪಟ್ಟಿ ಇಟ್ಟುಕೊಂಡು ಮಲಗಿದ್ದಾಗ ಗಂಡ ಗಿತೇಯ ಫೋನು ಬಂತು. ಬೆಳಗ್ಗೆ ಗಂಜಿ ತೆಗೆದುಕೊಂಡು ಹೋದರೆ ಅಮ್ಮ ಹೋಗಿಬಿಟ್ಟಿದ್ದಳು. ಅದುವರೆಗೆ ಅವನೂ ಅಂಗಳದಲ್ಲಿ ಹಣ್ಣು ತೂಗುಹಾಕುತ್ತಿದ್ದ. ಯಾರೂ ಪಕ್ಕದಲ್ಲಿರಲಿಲ್ಲ. ನಮ್ಮಲ್ಲಿ ಹೆತ್ತವರ ಕೊನೆಯುಸಿರಿನ ಹೊತ್ತಿಗೆ ಪಕ್ಕದಲ್ಲಿ ಇಲ್ಲದವನನ್ನು ಜನ ಬದುಕಿರುವ ತನಕ ಮರೆಯುವುದಿಲ್ಲ. ಮಿಕ್ಕ ಸೇವೆಯೆಲ್ಲ ನೀರಿಗೆ ಹೋದಂತೆಯೇ. ಹನ್ನೊಂದು ವರ್ಷದಲ್ಲಿ ಅವಳು ಆ ಹಾಸಿಗೆ ಬಿಟ್ಟದ್ದು ಈ ಒಂದೇ ಸಲ! ಆದರೆ ಹ್ವಾರಾನಳನ್ನು ಈಗಲೂ ತಿನ್ನುವುದು ಅದಲ್ಲ. ಸುದ್ದಿ ಕೇಳಿದ ಗಳಿಗೆಯಲ್ಲಿ ಅವಳ ತಲೆಗೆ ಮೊದಲು ಬಂದ ಯೋಚನೆ... ಅಯ್ಯೋ, ಅತ್ತರೆ ಹೊಲಿಗೆ ಏನಾಗುತ್ತದೋ!

“ಈಗಲೇ ಹೊರಡ್ತೀನಿ ರೀ,” ಎಂದಳು.

“ಈಗ ಬೇಡ,” ಎಂದ ಗಿತೇ, ದನಿ ತಗ್ಗಿಸಿ. “ಅಕ್ಕ ಬೂಸಾನಿಂದ ಹೊರಟಿದ್ದಾಳೆ. ನೀನು ನಮ್ಹೇಲಿ ಇದ್ದೀಯ ಅಂದಿದ್ದೀನಿ. ಅಷ್ಟು ದೂರದಿಂದ ಇಷ್ಟು ಬೇಗ ಹೇಗೆ ಬಂದ್ಲು ಅಂತ ಕೇಳಿದ್ರೆ ನಾನೇನು ಹೇಳ್ಲಿ? ಮಧ್ಯಾಹ್ನದ ಹೊತ್ತಿಗೆ ಬಾ.”

ಒಂದು ಗಂಟೆಯ ದಾರಿಗೆ ಅವಳು ದೇಗುವಿನ ಬಸ್ ನಿಲ್ದಾಣದ ಬೆಂಚಿನ ಮೇಲೆ, ಕರಿಯ ಉಡುಪು ತೊಟ್ಟು, ಸುಳ್ಳಿನ ದೂರ ಕಳೆಯಲೆಂದು ಕಾದು ಕೂತಳು. ಬಸ್ಸುಗಳು ಒಂದಾದ ಮೇಲೊಂದು ಸಾಂಗ್ಜುವಿಗೆ ಹೊರಟುಹೋದವು.

ಹೀಗೆ ಬಂದವಳನ್ನು ಪಿಲ್‌ನಾಮ್ ತಂಗಿ ಎಂದು ತಬ್ಬಿಕೊಂಡದ್ದು.

ಅಂದಿನಿಂದ ಶುರುವಾಯಿತು ಅವಳ ಸಂಕಟ. ಬಂದವರು ಫೋಟೋದ ಮುಂದೆ ಅಡ್ಡಬಿದ್ದ ಮೇಲೆ ಮನೆಯವರ ಕಡೆ ತಿರುಗುತ್ತಾರೆ. ಆಗ ಮನೆಯವರೂ ಅವರಿಗೆ ಹಣೆ ನೆಲಕ್ಕೆ ಮುಟ್ಟುವಂತೆ ಬಾಗಬೇಕು. ಹಿರಿ ಸೊಸೆ ತಪ್ಪಿಸಿಕೊಳ್ಳುವ ಹಾಗಿಲ್ಲ. ತಲೆ ಬಗ್ಗಿಸಬೇಡಿ ಎಂದಿದ್ದಳಲ್ಲ ದಾದಿ! ಒಂದೊಂದು ಸಲ ಬಾಗಿದಾಗಲೂ ರಕ್ತವೆಲ್ಲ ಕಣ್ಣಿಗೆ ನುಗ್ಗಿ ರೆಪ್ಪೆ ಡವಡವ ಬಡಿದುಕೊಳ್ಳುತ್ತಿತ್ತು. ಎದ್ದಾಗ ಊತ ಇನ್ನಷ್ಟು ಹೆಚ್ಚಿರುತ್ತಿತ್ತು. ನಾನು ಸಾರಿನ ಬಟ್ಟಲು ಹಿಡಿದು ಮೇಜಿನ ನಡುವೆ ಓಡಾಡುವಾಗ ಕಿವಿಗೆ ಬೀಳುತ್ತಿದ್ದದ್ದು ಒಂದೇ ಮಾತು: “ನೋಡ್ರಿ ಆ ಸೊಸೇನ. ಎಂಥ ಬಾಯಿಯ ಮುದುಕಿ! ಅಂಥ ಅತ್ತೆಗೆ ಹೀಗೆ ಅಳೋ ಸೊಸೆ ಸಿಕ್ಕಳಲ್ಲಪ್ಪಾ.” ಮತ್ತೊಬ್ಬ ಸೋಜು ಮದ್ಯದ ಲೋಟ ಕೆಳಗಿಟ್ಟು ಹೆಂಡತಿಗೆ ಹೇಳಿದ, “ನಮ್ಮಮ್ಮ ಸತ್ತಾಗ ನೀನು ಕಾಡಿಗೆ ಹಚ್ಕೊಂಡು ಕೂತಿದ್ದೆ.” ಹೆಂಡತಿ, “ನೀನು ಸತ್ತಾಗಲೂ ಹಚ್ಕೋತೀನಿ, ಸಾರು ಕುಡಿ,” ಎಂದಳು. ನಕ್ಕರು. ಹ್ವಾರಾನಳಿಗೆ ಒಂದೊಂದು ಮಾತೂ ಕಪಾಳಕ್ಕೆ ಬಿದ್ದ ಹಾಗೆ. ಪಿಲ್‌ನಾಮ್ ಮಾತ್ರ ಅವಳ ಪಕ್ಕ ಬಿಡಲಿಲ್ಲ. “ಎರಡು ತುತ್ತು ಉಣ್ಣು ತಂಗಿ. ಸಾಕು ಬಾಗಿದ್ದು, ಸ್ವಲ್ಪ ಒರಗಿಕೋ. ಅತ್ತೂ ಅತ್ತೂ ನೀನೂ ಹೋದ್ರೆ ನನ್ನ ತಮ್ಮನಿಗೆ ಯಾರು?”

ಮರುದಿನ ಹೆಣವನ್ನು ತೊಳೆದು, ಸೆಣಬಿನ ಬಟ್ಟೆ ಉಡಿಸಿ, ಪೆಟ್ಟಿಗೆಯಲ್ಲಿಡುವ ಮೊದಲು ಮನೆಯವರನ್ನು ಒಳಗೆ ಕರೆದರು. ಇದೇ ಕೊನೆಯ ನೋಟ. ಹೆಣ ತೊಳೆಯುವ ಕೆಲಸದವನು ತಲೆಬಾಗಿ, “ಮುಟ್ಟಿ, ಮಾತಾಡಿ. ಕಣ್ಣೀರು ಮಾತ್ರ ಬಟ್ಟೆ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ,” ಎಂದ. ಮುದುಕಿಯ ಮುಖ ಅಂಗೈಯಷ್ಟಕ್ಕೆ ಕುಗ್ಗಿತ್ತು. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ರೆಪ್ಪೆಯ ಕೆಳಗೆ ಬಿಳಿಯ ಒಂದು ಗೆರೆ.

ಪಿಲ್‌ನಾಮ್ ಅಂಗೈಯಿಂದ ಸವರಿ ಮುಚ್ಚಿದಳು. ರೆಪ್ಪೆ ಮೆಲ್ಲಗೆ ಮತ್ತೆ ಮೇಲಕ್ಕೆ ಬಂತು. ಮತ್ತೆ ಸವರಿದಳು. ಮತ್ತೆ ಬಂತು. ‘ಮುಂದಿನದು ಗಂಡೇ ಆಗಲಿ’ ಎಂಬ ಅರ್ಥ ಬರುವಂತೆ ಮಗಳಿಗೆ ಪಿಲ್‌ನಾಮ್ ಎಂದು ಹೆಸರಿಟ್ಟು ಬೆಳೆಸಿದ್ದ ತಾಯಿ ಅವಳು. ಮಗಳು ಹುಟ್ಟಿದ್ದಕ್ಕೆ ಒಂದು ದಿನವೂ ಸಂತೋಷಪಟ್ಟವಳಲ್ಲ. “ನನ್ನ ಕೈಗೆ ಮುಚ್ಚೋದಿಲ್ಲ. ಬದುಕಿದ್ದಾಗಲೂ ನನ್ನ ಮಾತು ಕೇಳಿದವಳಲ್ಲ...” ಎಂದು ಪಿಲ್‌ನಾಮ್ ಬಿಕ್ಕಿದಳು. ಆಮೇಲೆ ಹ್ವಾರಾನಳ ಕೈ ಹಿಡಿದೆಳೆದು, “ನೀನು ಮುಚ್ಚು ತಂಗಿ. ಅಮ್ಮ ಕಾಯ್ತಿದ್ದದ್ದು ನಿನ್ನನ್ನೇ! ನಿನ್ನನ್ನ ನೋಡದೆ ಕಣ್ಣು ಮುಚ್ಚಲಿಲ್ಲ ಅವಳು,” ಎಂದಳು.

ಹ್ವಾರಾನ್ ಕೈಯಿಟ್ಟಳು. ಎಷ್ಟು ಸಲ ಬಿಸಿ ಬಟ್ಟೆಯಿಂದ ಒರೆಸಿದ್ದ ಮುಖ! ಹಿಮದ ಹಾಗೆ ತಣ್ಣಗಿತ್ತು. ರೆಪ್ಪೆ ಅವಳ ಬೆರಳಿಗೂ ನಿಲ್ಲಲಿಲ್ಲ. ಬೇಗ ಬಂದುಬಿಡು... ಎಂದ ದನಿ ಕಿವಿಯಲ್ಲಿ ಕೇಳಿತು. ಈಗಲಾದರೂ ಅಳು ಬರಬಾರದೇ, ಹೊಲಿಗೆ ಹರಿದುಹೋದರೂ ಹೋಗಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಎದೆ ಕಲ್ಲಾಗಿತ್ತು. ಕೊನೆಗೆ ಕೆಲಸದವನೇ ಒದ್ದೆ ಹತ್ತಿಯಿಟ್ಟು ರೆಪ್ಪೆಯನ್ನು ಸರಿಮಾಡಿದ.

ಹೊರಗೆ ಬಂದದ್ದೇ ಹ್ವಾರಾನ್, “ಅತ್ತಿಗೆ, ಒಂದು ನಿಮಿಷ,” ಎಂದು ಪಿಲ್‌ನಾಮಳನ್ನು ಮೆಟ್ಟಿಲ ಕೆಳಗೆ, ನೀರಿನ ಬಾಟಲಿಗಳನ್ನು ಪೇರಿಸಿಟ್ಟಿದ್ದ ಕಡೆ ಕರೆದುಕೊಂಡು ಹೋದಳು. ಹಿಂದೆಯೇ ಬಂದ ಬೊರಾಮ್ ತೋಳು ಜಗ್ಗಿ, “ಅಮ್ಮಾ, ಬೇಡಮ್ಮಾ! ಯಾರಿಗೆ ಗೊತ್ತಾಗುತ್ತೆ? ಈಗಷ್ಟೇ ಪಿಲ್‌ನಾಮ್ ಅತ್ತೆ ನಿನ್ನ ಜೊತೆ ಸರಿಯಾಗಿದ್ದಾರೆ, ಹಾಳು ಮಾಡ್ಕೋಬೇಡ,” ಎಂದು ಪಿಸುಗುಟ್ಟಿದಳು. ಹ್ವಾರಾನ್ ಮಗಳ ಕೈ ಬಿಡಿಸಿ ಕನ್ನಡಕ ತೆಗೆದಳು.

“ನಾನು ಅತ್ತಿಲ್ಲ ಅತ್ತಿಗೆ. ಇದು ಅತ್ತ ಊತ ಅಲ್ಲ. ನಾನು ತವರಿಗೆ ಹೋಗಿರಲಿಲ್ಲ. ದೇಗುವಿನಲ್ಲಿ ಕಣ್ಣು ಮಾಡಿಸಿಕೊಂಡೆ.”

ಪಿಲ್‌ನಾಮಳಿಗೆ ಒಡನೆ ಅರ್ಥವಾಗಲಿಲ್ಲ. ಹತ್ತಿರ ಬಂದು, ಕುತ್ತಿಗೆಯ ಸರಕ್ಕೆ ಸಿಕ್ಕಿಸಿದ್ದ ಓದುವ ಕನ್ನಡಕ ಏರಿಸಿಕೊಂಡು ನೋಡಿದಳು. ಊದಿದ ಮಡಿಕೆಯೊಳಗೆ ಕಪ್ಪು ದಾರದ ಸಣ್ಣ ಸಣ್ಣ ಗಂಟು.

“ಹೊಲಿಗೆ...”

“ಹೂಂ.”

“ಅಂದ್ರೆ, ನನ್ನಮ್ಮ ಒಬ್ಬಳೇ ಸಾಯ್ತಾ ಇದ್ದಾಗ... ನೀನು ಚಂದ ಕಾಣೋಕೆ ಕಣ್ಣು ಹೊಲಿಸಿಕೊಂಡು ಮಲಗಿದ್ದೆ?”

“ಹೂಂ ಅತ್ತಿಗೆ.”

“ಒಂದು ಹನಿ? ಒಂದೇ ಒಂದು ಹನಿ ಅತ್ತಿಲ್ವಾ ನೀನು?”

“ಬರಲಿಲ್ಲ. ಈಗಲೂ ಬರ್ತಾ ಇಲ್ಲ. ಏನು ಮಾಡಲಿ ನಾನು...”

“ತಂಗಿ ಅಂದೆನಲ್ಲೇ ನಿನ್ನ!” ಪಿಲ್‌ನಾಮ್ ಚೀರಿದಳು. “ಎಲ್ಲರೆದುರು ತಬ್ಬಿಕೊಂಡೆನಲ್ಲೇ! ಯಾಕೆ ಹೇಳಿದೆ? ಸುಮ್ಮನಿರೋಕೆ ಏನಾಗಿತ್ತು ನಿನಗೆ? ನನ್ನ ಅಮ್ಮನಿಗೆ ಅಳೋರು ಒಬ್ಬರಾದ್ರೂ ಇದ್ದಾರೆ ಅಂದುಕೊಂಡಿದ್ದೆ. ಅದನ್ನೂ ಕಿತ್ತುಕೊಂಡೆ!” ಅವಳು ಗೋಡೆ ಹಿಡಿದುಕೊಂಡಳು. “ನಾಳೆ ಮಣ್ಣಾಗಲಿ. ಆಮೇಲೆ ನಿನ್ನ ಮುಖ ನನಗೆ ತೋರಿಸಬೇಡ.”

ಹ್ವಾರಾನ್ ಹನ್ನೊಂದು ವರ್ಷದ ಲೆಕ್ಕ ಒಪ್ಪಿಸಲಿಲ್ಲ. ಕನ್ನಡಕ ಹಾಕಿಕೊಂಡು ಒಳಗೆ ಬಂದು ತನ್ನ ಜಾಗದಲ್ಲಿ ನಿಂತು, ಬಂದವರಿಗೆ ಬಾಗತೊಡಗಿದಳು. ಪಿಲ್‌ನಾಮ್ ಹಾಲ್‌ನ ಇನ್ನೊಂದು ಮೂಲೆಗೆ ಹೋಗಿ ಬೆನ್ನು ತಿರುಗಿಸಿ ಕೂತಳು. ಏನೋ ಆಗಿದೆ ಎಂದು ನಮಗೆಲ್ಲ ತಿಳಿಯಿತು, ಏನೆಂದು ತಿಳಿಯಲಿಲ್ಲ.

ಸಂಜೆ ಊಟದ ಹೊತ್ತು. ಮುಂಗ್ಯೊಂಗ್‌ನಿಂದ ಸತ್ತವಳ ತಂಗಿ ಬಂದರು. ಎಪ್ಪತ್ತು ದಾಟಿದ, ಕೂದಲಿಗೆ ಬಣ್ಣ ಹಾಕಿದ ಗಟ್ಟಿ ಹೆಂಗಸು. ನೆಂಟರೆಲ್ಲ ಸಾಲಾಗಿ ಕೂತಿದ್ದ ಮೇಜಿನಲ್ಲಿ ಕಿಮ್ಚಿ ಉಪ್ಪಿನಕಾಯಿ ಜಗಿಯುತ್ತಲೇ ಹ್ವಾರಾನಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

“ಎಲ್ಲಿ, ಬಹಳ ಅತ್ತಿದ್ದಾಳಂತೆ ಸೊಸೆ, ನೋಡೋಣ... ಇದೇನೇ ಇದು? ಇದು ಅತ್ತ ಕಣ್ಣಲ್ಲವಲ್ಲ! ಅತ್ತರೆ ಕೆಳಗೆ ಊದುತ್ತೆ, ಹೀಗೆ ಮೇಲೆ ಗೆರೆ ಕೊರೆದ ಹಾಗಾಗುತ್ತಾ? ನಾನೂ ಮಕ್ಕಳ ದುಡ್ಡಲ್ಲಿ ಮಾಡಿಸಿಕೊಂಡವಳೇ ಕಣೆ ಹೋದ ವರ್ಷ. ನನ್ನ ಕಣ್ಣಿಗೆ ಮಣ್ಣೆರಚ್ತೀಯಾ? ತೆಗಿ, ಕನ್ನಡಕ ತೆಗಿ.”

ನನ್ನ ಕೈಯ ಬಟ್ಟಲು ಅಲ್ಲೇ ನಿಂತಿತು. ಗಿತೇ ತಲೆ ತಗ್ಗಿಸಿ ಅನ್ನವನ್ನೇ ನೋಡುತ್ತಿದ್ದ. ಹ್ವಾರಾನಳ ಕೈ ಕನ್ನಡಕದ ಕಡೆ ಹೋಯಿತು. ಆಗ ಮೂಲೆಯಿಂದ ಪಿಲ್‌ನಾಮ್ ಎದ್ದು ಬಂದಳು. ಬಂದವಳೇ ಚಿಕ್ಕಮ್ಮನ ಕೈಯನ್ನು ಹ್ವಾರಾನಳ ಗಲ್ಲದಿಂದ ಎತ್ತಿ ಮೇಜಿನ ಮೇಲಿಟ್ಟಳು.

“ಚಿಕ್ಕಮ್ಮ, ಅದು ಅತ್ತ ಕಣ್ಣೇ.”

“ಅಲ್ವೇ ಪಿಲ್‌ನಾಮ್, ನಾನು ಹೇಳ್ತೀನಲ್ಲ...”

“ನೀವು ಹೇಳಬೇಡಿ. ಅಮ್ಮ ಹಾಸಿಗೆ ಹಿಡಿದ ಮೇಲೆ ನೀವು ಎಷ್ಟು ಸಲ ಬಂದ್ರಿ? ನಾನು ಎಷ್ಟು ಸಲ ಬಂದೆ? ಬಂದಾಗಲೂ ಬಾಗಿಲ ಮೇಲಿನ ಧೂಳು ನೋಡೋಕೆ ಬಂದೆ. ಅಮ್ಮನ ಬಾಯಿ ಹೇಗಿತ್ತು ಅಂತ ನಿಮಗೂ ಗೊತ್ತು ನನಗೂ ಗೊತ್ತು. ಈ ಕಣ್ಣು ಅತ್ತದ್ದೆಲ್ಲ ಯಾವತ್ತೋ ಅತ್ತು ಮುಗಿಸಿದೆ. ನಾವು ಯಾರೂ ಇರಲಿಲ್ಲ, ನೋಡೋಕೆ.” ಅವಳು ಸಾರಿನ ಬಟ್ಟಲನ್ನು ಚಿಕ್ಕಮ್ಮನ ಮುಂದಕ್ಕೆ ಸರಿಸಿದಳು. “ಸಾರು ಆರ್ತಾ ಇದೆ. ಉಣ್ಣಿ ಚಿಕ್ಕಮ್ಮ.”

ಚಿಕ್ಕಮ್ಮ ಚಮಚ ಕೈಗೆತ್ತಿಕೊಂಡರು. ಹ್ವಾರಾನ್ “ಅತ್ತಿಗೆ...” ಎಂದಳು. ಪಿಲ್‌ನಾಮ್ ತಿರುಗಿಯೂ ನೋಡದೆ ಮತ್ತೆ ತನ್ನ ಮೂಲೆಗೆ ಹೋಗಿ ಕೂತಳು.

ಮರುದಿನ ಬೆಟ್ಟದ ಮೇಲೆ ಮಣ್ಣು ಮಾಡಿದರು. ಪಿಲ್‌ನಾಮ್ ಹ್ವಾರಾನಳ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಮತ್ತೆ ಸಮಾಧಿಗೆ ಹೋಗಿ ನೈವೇದ್ಯ ಇಟ್ಟು ಬಂದಾಗಲೂ ಮಾತಿಲ್ಲ. ಬೂಸಾನಿನ ಬಸ್ಸು ಹತ್ತಲು ನಿಂತಾಗ, ಯಾರ ಮುಖವನ್ನೂ ನೋಡದೆ, “ಹೊಲಿಗೆ ಯಾವಾಗ ಬಿಚ್ತಾರೆ?” ಎಂದಳು.

“ನಾಳೆ.”

“ಒಬ್ಬಳೇ ಹೋಗಬೇಡ. ಕಣ್ಣು ಸರಿಯಾಗಿ ಕಾಣದೆ ಎಲ್ಲಾದರೂ ಬಿದ್ದು ಸಾಯ್ತೀಯ.” ಅಷ್ಟು ಹೇಳಿ ಹತ್ತಿಕೂತಳು. ಬಸ್ಸು ಹೋಯಿತು.

ಹೊಲಿಗೆ ಬಿಚ್ಚಿದರು. ಊತ ಪೂರ್ತಿ ಇಳಿದು ಅದು ನಿಮ್ಮದೇ ಕಣ್ಣು ಅನಿಸಲು ತಿಂಗಳುಗಳೇ ಬೇಕು ಎಂದರಂತೆ ವೈದ್ಯರು. ಈಗ ಕೆಂಪು ಗೆರೆ ಮಾಸಿದೆ. ಹ್ವಾರಾನ್ ಹುಬ್ಬೆತ್ತದೆಯೇ ನೋಡುತ್ತಾಳೆ, ಹಣೆಯ ಗೆರೆ ಸಡಿಲಾಗಿದೆ, ಚೆನ್ನಾಗಿ ಕಾಣುತ್ತಾಳೆ. ಹಾಗೆಂದು ನಾವು ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೊಸವರ್ಷದ ಹಬ್ಬಕ್ಕೆ ಪಿಲ್‌ನಾಮ್ ಬಂದಳು. ಮುಖ ತೋರಿಸಬೇಡ ಎಂದವಳು ತಾನಾಗಿಯೇ ಬಂದಳು. ಇಬ್ಬರೂ ಒಲೆಯ ಎರಡು ಕಡೆ ಕೂತು ವಡೆ ಕರಿದರು. ಉಪ್ಪು ಎಲ್ಲಿ, ಎಣ್ಣೆ ಎಲ್ಲಿ ಎನ್ನುವ ಮಾತು ಬಿಟ್ಟು ಬೇರೆ ಮಾತು ನಡೆಯಲಿಲ್ಲವಂತೆ. ತಂಗಿ ಎಂಬ ಮಾತು ಬರಲಿಲ್ಲ. ‘ಏಯ್’ ಎಂಬುದೂ ಬರಲಿಲ್ಲ.

ಸಾವಿನ ಹಾಲ್‌ನಲ್ಲಿ ಅಂದು ಸಂಜೆ ಪಿಲ್‌ನಾಮ್ ‘ಅದು ಅತ್ತ ಕಣ್ಣೇ’ ಎಂದು ಹೇಳಿದ್ದು ಹ್ವಾರಾನಳ ಮೇಲಿನ ಕರುಣೆಯಿಂದಲೋ, ನೆಂಟರೆದುರು ಮನೆಯ ಮಾನ ಉಳಿಸಲೋ, ತನ್ನ ತಾಯಿಗೆ ಅತ್ತವರು ಒಬ್ಬರಾದರೂ ಇದ್ದರು ಎಂದು ತನಗೆ ತಾನೇ ಹೇಳಿಕೊಳ್ಳಲೋ... ಹ್ವಾರಾನ್ ಕೇಳಿಲ್ಲ. ಕೇಳುವ ಧೈರ್ಯ ಅವಳಿಗಿಲ್ಲ. ನನಗೆ ಗೊತ್ತಿಲ್ಲ.